ರೇವಮ್ಮ ಮಸಿಬಟ್ಟೆ ಹಿಡಿದ ವರ್ಷ

ಮೈಮೇಲೆ ಗಂಟೆದ್ದವರೆಲ್ಲ ಕುಷ್ಠರೋಗಿಗಳಲ್ಲ. ಕುಷ್ಠ ಬಂದವರಿಗೆಲ್ಲ ಗಂಟು ಏಳುವುದೂ ಇಲ್ಲ. ಎರಡರ ಮಗ್ಗಿಯ ಜೊತೆಗೇ ಕಲಿಯಬೇಕಾಗಿದ್ದ ಈ ಮಾತನ್ನು ನಾವು ಕಲಿಯಲಿಲ್ಲ. ಕಲಿಯದ ತಪ್ಪು ನಮ್ಮದು, ಅದರ ದಂಡ ತೆತ್ತವಳು ರೇವಮ್ಮ.

ಕುಣಿಗಲ್ ಕೆರೆ ಏರಿಯ ಕೆಳಗೆ ಒಂದು ಉಚಿತ ವಿದ್ಯಾರ್ಥಿನಿಲಯವಿತ್ತು. ಸುತ್ತಲ ಹಳ್ಳಿಗಳಿಂದ ಹೈಸ್ಕೂಲಿಗೆ ಬಂದ ತೊಂಬತ್ತು ಹುಡುಗರು ಅಲ್ಲಿ ಉಂಡು ಮಲಗುತ್ತಿದ್ದರು. ಗಂಡ ಸತ್ತ ಮೇಲೆ, ಅರವತ್ತೇಳನೇ ಇಸವಿಯಲ್ಲಿ, ರೇವಮ್ಮ ಅಲ್ಲಿಯ ಅಡುಗೆಗೆ ಸೇರಿದಳು. ಇದ್ದೊಬ್ಬ ಮಗಳನ್ನು ಅದೇ ಸಂಬಳದಲ್ಲಿ ಸಾಕಿ ಯಡಿಯೂರಿಗೆ ಮದುವೆ ಮಾಡಿಕೊಟ್ಟಳು. ಆಮೇಲೆ ಅವಳಿಗೆ ಉಳಿದದ್ದು ಆ ಅಡುಗೆಮನೆ, ಆ ಒಲೆ, ಎದೆಮಟ್ಟದ ಹಿಟ್ಟಿನ ಕೋಲು. ಆ ಕೋಲು ಅವಳ ಕೈಯಲ್ಲಿದ್ದರೆ ಊಟದ ಮನೆಯ ತೊಂಬತ್ತು ತಟ್ಟೆಗಳೂ ತೆಪ್ಪಗಿರುತ್ತಿದ್ದವು.

ರೇವಮ್ಮನ ಕೈ ಊರಿಗೇ ಹೆಸರುವಾಸಿ. ಕೊತಕೊತ ಕುದಿಯುವ ರಾಗಿ ಹಿಟ್ಟನ್ನು ತಿರುವಿ, ಒದ್ದೆ ಹಲಗೆಯ ಮೇಲೆ ಮಗುಚಿ, ಹಬೆ ಆರುವ ಮೊದಲೇ ಬರಿಗೈಯಲ್ಲಿ ತೊಂಬತ್ತು ಮುದ್ದೆ ಕಟ್ಟಿ ಮುಗಿಸುತ್ತಿದ್ದಳು. ಬಿಸಿ ಪಾತ್ರೆ ಇಳಿಸಲು ಮಸಿಬಟ್ಟೆ ಮುಟ್ಟಿದವಳಲ್ಲ. ಒಂದು ಒಲೆಯ ಕೆಂಡ ಇನ್ನೊಂದು ಒಲೆಗೆ ಬೇಕಾದರೆ ಇಕ್ಕಳ ಹುಡುಕುತ್ತಿರಲಿಲ್ಲ. ಬೆರಳಲ್ಲೇ ಎತ್ತಿ, ಅಂಗೈಯಿಂದ ಅಂಗೈಗೆ ಎರಡು ಸಲ ಹಾರಿಸಿ, ಒಲೆಗೆ ಒಗೆಯುತ್ತಿದ್ದಳು. ಹುಡುಗರು ಬಾಯಿ ಬಿಟ್ಟುಕೊಂಡು ನೋಡಿದರೆ, “ಏನ್ಲಾ ಹಂಗ್ ನೋಡ್ತೀರಾ? ಈ ಕೈ ಕಂಡ್ರೆ ಬೆಂಕಿನೇ ಹೆದ್ರುತೈತೆ. ಮಸಿಬಟ್ಟೆ ಏನಿದ್ರೂ ಹೊಸ ಮದ್ವಣಗಿತ್ತೀರಿಗೆ,” ಅನ್ನುತ್ತಿದ್ದಳು.

ಅದೇ ಕೈಗಳ ಮೇಲೆ ಗಂಟುಗಳಿದ್ದವು. ಮೊಣಕೈಯಿಂದ ಭುಜದವರೆಗೆ, ಕತ್ತಿನ ಹಿಂದೆ, ಬೆನ್ನ ಮೇಲೆ. ಕೆಲವು ಅವರೆಕಾಳಿನಷ್ಟು, ಕೆಲವು ಗಜ್ಜುಗದಷ್ಟು. ಗುಬ್ಬಿ ಹತ್ತಿರದ ತವರೂರಿನಲ್ಲಿ ಅವಳ ಅಪ್ಪ ಕರಿಬಸವಯ್ಯನಿಗೂ ಇದ್ದವು. ಗಂಟು ಕರಿಬಸವಯ್ಯ ಎಂದೇ ಕರೆಸಿಕೊಂಡು, ಎಪ್ಪತ್ತು ದಾಟುವವರೆಗೆ ಗಟ್ಟಿಯಾಗಿ ಉತ್ತು ಬಿತ್ತಿ ಸತ್ತ ಆಸಾಮಿ. ರೇವಮ್ಮನಿಗೆ ಹರೆಯದಲ್ಲಿ ಎರಡೋ ಮೂರೋ ಇದ್ದದ್ದು ಬಸುರಿಯಾದಾಗ ಮಳೆಗಾಲದ ಅಣಬೆಯಂತೆ ಎದ್ದವು. ಅವ್ವ ಊರ ಕಲ್ಯಾಣಿಗೆ ಕರೆದೊಯ್ದು ಅಂಗೈಗೆ ಅಚ್ಚು ಬೆಲ್ಲ ಇಟ್ಟಳು. ಬೆಲ್ಲ ನೀರಲ್ಲಿ ಕರಗಿದ ಹಾಗೆ ಗಂಟು ಕರಗಲಿ ಎಂದು ಹರಸಿಕೊಳ್ಳುವುದು ಅಲ್ಲಿಯ ಪದ್ಧತಿ. ಮೂರು ಸೋಮವಾರ ಮೂರು ಅಚ್ಚು ನೀರಿಗೆ ಬಿತ್ತು. ಬೆಲ್ಲ ಕರಗಿತು, ಗಂಟು ಇದ್ದ ಹಾಗೇ ಇತ್ತು. ಅಷ್ಟಕ್ಕೇ ಆ ವಿಚಾರ ಬಿಟ್ಟು ರೇವಮ್ಮ ತನ್ನ ಕೆಲಸ ನೋಡಿಕೊಂಡಳು.

ಎಂಬತ್ತೊಂದರ ಆಷಾಢದವರೆಗೆ ಯಾರಿಗೂ ಆ ಗಂಟುಗಳು ತೊಡಕಾಗಲಿಲ್ಲ. ಆ ತಿಂಗಳು ತುಮಕೂರಿನ ಮರಳೂರಿನಿಂದ ಒಬ್ಬ ತಂದೆ ಮಗನನ್ನು ನೋಡಲು ಬಂದ. ಊಟದ ಹೊತ್ತು. ಅಡುಗೆಮನೆ ಬಾಗಿಲಲ್ಲಿ ನಿಂತು ರೇವಮ್ಮನ ತೋಳು ನೋಡಿದ, ಹಬೆಯಾಡುವ ಹಿಟ್ಟಿನೊಳಗೆ ಮುಳುಗಿದ ಬರಿಗೈ ನೋಡಿದ. ಮಗನನ್ನು ಪಂಕ್ತಿಯಿಂದ ಎಬ್ಬಿಸಿದ. ನೆಟ್ಟಗೆ ಹೋಗಿ ನಿಲಯದ ಕಾರ್ಯದರ್ಶಿ ಚನ್ನಬಸವಯ್ಯನವರ ಕೊಬ್ಬರಿ ಮಂಡಿಯಲ್ಲಿ ಕೂತ.

“ಏನ್ ಸ್ವಾಮಿ ಇದು? ಮೈಯೆಲ್ಲ ಗಂಟು, ಕೈಗೆ ಬಿಸಿನೇ ತಗುಲಲ್ಲ. ಇಂಥೋಳ ಕೈಲಿ ಮಕ್ಕಳಿಗೆ ಅನ್ನ ಹಾಕಿಸ್ತೀರಾ? ದೊಡ್ಡ ರೋಗ ಅಲ್ದೆ ಇನ್ನೇನು ಇದು?”

ಚನ್ನಬಸವಯ್ಯ ಕೆಟ್ಟವರಲ್ಲ. ನಮ್ಮಲ್ಲಿ ಬಹಳಷ್ಟು ಅನ್ಯಾಯಗಳು ಕೆಟ್ಟವರಲ್ಲದವರಿಂದಲೇ ಆಗುತ್ತವೆ, ಅದನ್ನು ನೆನಪಿಡಿ. ಕೊಬ್ಬರಿ ಧಾರಣೆಯನ್ನು ಮೂರು ಮಂಡಿಯಲ್ಲಿ ವಿಚಾರಿಸದೆ ಒಂದು ಚೀಲ ಕೊಳ್ಳದ ಆ ಮನುಷ್ಯ, ಒಬ್ಬ ಹೆಂಗಸಿನ ಬದುಕಿನ ವಿಚಾರಕ್ಕೆ ಒಬ್ಬನೇ ಒಬ್ಬ ಡಾಕ್ಟರನ್ನು ಕೇಳಲಿಲ್ಲ. ಭಾನುವಾರ ಸಮಿತಿಯ ನಾಲ್ವರನ್ನು ಕರೆದುಕೊಂಡು ಅಡುಗೆಮನೆಗೆ ಬಂದರು.

“ರೇವಮ್ಮ, ಬೇಜಾರ್ ಮಾಡ್ಕೋಬೇಡ. ನಿನ್ನ ಕೈ ಸರಿಯಾಗಿದೆಯೋ ಇಲ್ವೋ, ಒಂದಿಷ್ಟು ನೋಡ್ಬೇಕಲ್ಲಮ್ಮ.”

ಕೈ ಸರಿಯಾಗಿದೆಯೋ ಇಲ್ಲವೋ! ಹದಿನಾಲ್ಕು ವರ್ಷ ಹಿಟ್ಟು ತಿರುವಿದ ಕೈ. ರೇವಮ್ಮನಿಗೆ ಕೇಳಿಸಿದ್ದು ಒಂದೇ: ನಿನಗೆ ವಯಸ್ಸಾಯಿತು, ಕೈ ಸೋತಿತು ಅನ್ನುತ್ತಿದ್ದಾರೆ. ಅವಳು ಒಲೆಯ ಮುಂದೆ ಕುಕ್ಕರಿಸಿ, ನಿಗಿನಿಗಿ ಕೆಂಡವೊಂದನ್ನು ಬೆರಳಲ್ಲಿ ಎತ್ತಿ, ಅಂಗೈಯಿಂದ ಅಂಗೈಗೆ ಹಾರಿಸುತ್ತ ಐದು ಹೆಜ್ಜೆ ನಡೆದು ಬಂದು ಚನ್ನಬಸವಯ್ಯನವರ ಮುಂದೆ ನಿಂತಳು.

“ತಗಳಿ ಸಾವ್ಕಾರ್ರೆ, ಬೀಡಿ ಹಚ್ಕಳಿ. ಕೈಗೇನಾಗೈತೆ?”

ಮುಖದಲ್ಲಿ ಒಂದು ಗೆರೆ ಸೊಟ್ಟಗಾಗಲಿಲ್ಲ. ಗೆದ್ದೆ ಅಂದುಕೊಂಡಳು. ಐವರೂ ಒಟ್ಟಿಗೆ ಎರಡು ಹೆಜ್ಜೆ ಹಿಂದೆ ಸರಿದರು.

“ನೋಡಿದ್ರಾ? ಕೆಂಡ ಹಿಡಿದ್ರೂ ಗೊತ್ತಾಗ್ತಿಲ್ಲ. ಸ್ಪರ್ಶವೇ ಇಲ್ಲ,” ಎಂದರು ಒಬ್ಬರು. ಹದಿನಾಲ್ಕು ವರ್ಷದ ಕಸುಬು ಒಂದೇ ನಿಮಿಷದಲ್ಲಿ ರೋಗದ ಸಾಕ್ಷಿಯಾಗಿ ಹೋಯಿತು.

ತೀರ್ಮಾನ ಅಲ್ಲೇ ಆಯಿತು. ಕುಷ್ಠ ಅಲ್ಲವೆಂದು ಡಾಕ್ಟರ ಕಾಗದ ತರುವವರೆಗೆ ರೇವಮ್ಮ ಅಡುಗೆಮನೆ ಹೊಸಿಲು ತುಳಿಯಕೂಡದು. ಹಿತ್ತಲು ಗುಡಿಸಿಕೊಂಡಿರಲಿ. ಊಟಕ್ಕೆ ಬಾವಿ ಕಟ್ಟೆಯ ಹತ್ತಿರ ಬೇರೆ ಎಲೆ. ಹಿಟ್ಟಿನ ಕೋಲು ಕೈಯಾಳು ಮಹಾಲಕ್ಷ್ಮಮ್ಮನ ಕೈಗೆ ಹೋಯಿತು. ಅವಳಿಗೆ ಮೂವತ್ತು ವಯಸ್ಸು, ಕನ್ನಡಿಯಂಥ ಮೈ, ಒಂದು ಮೊಡವೆಯ ಗುರುತಿಲ್ಲ.

“ಅಕ್ಕ, ನಾನು ಕೇಳ್ಕಂಡು ಹೋಗ್ಲಿಲ್ಲ ಕಣಕ್ಕ,” ಎಂದು ಮಹಾಲಕ್ಷ್ಮಮ್ಮ ಅತ್ತಳು.

“ಅಳ್ಬೇಡ ಬುಡು. ನೀರು ಕುದಿಯೋಕ್ ಮುಂಚೆ ಹಿಟ್ಟು ಸುರೀಬೇಡ, ಅಷ್ಟ್ ಮಾಡು. ಇನ್ನೊಂದ್ ತಿಂಗ್ಳು, ಬಂದ್ಬುಟ್ಟೆ,” ಎಂದಳು ರೇವಮ್ಮ. ತಾನು ಬಂದೇ ಬರುತ್ತೇನೆ ಎನ್ನುವುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಮೂರು ದಿನಕ್ಕೇ ಊಟದ ಮನೆಯಲ್ಲಿ ಗಲಾಟೆ ಶುರುವಾಯಿತು. ಮುದ್ದೆ ಮುರಿದರೆ ಒಳಗೆ ಬೇಯದ ಒಣಹಿಟ್ಟು. ನಿಲಯದ ಕಾವಲುಗಾರ ಚಿಕ್ಕಹನುಮಯ್ಯ ತಟ್ಟೆ ಹಿಡಿದುಕೊಂಡೇ ಹಿತ್ತಲಿಗೆ ಬಂದ. “ಏನ್ ಕಾಲ ಬಂತಮ್ಮೋ! ಕೈತುಂಬ ಗಂಟಿದ್ದೋಳ ಹಿಟ್ಟಲ್ಲಿ ಒಂದ್ ಗಂಟಿರ್ಲಿಲ್ಲ. ನುಣ್ಣನೆ ಕೈಯೋಳ ಹಿಟ್ಟೆಲ್ಲ ಗಂಟು!”

ರೇವಮ್ಮ ಪೊರಕೆ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮುಂದಿನ ವಾರ ಸೈಕಲ್ ಏರಿ ಅಂಜನಮೂರ್ತಿ ಬಂದ. ಕುಷ್ಠ ನಿಯಂತ್ರಣದ ಸರ್ಕಾರಿ ಕಾರ್ಯಕರ್ತ. ಶಾಲೆ, ಹಾಸ್ಟೆಲು ಸುತ್ತಿ ಮಕ್ಕಳ ಮೈಮೇಲಿನ ಮಚ್ಚೆ ನೋಡುವುದು ಅವನ ಕೆಲಸ. ತೊಂಬತ್ತು ಹುಡುಗರ ಬೆನ್ನು ನೋಡಿ ಮುಗಿಸಿ ಸೈಕಲ್ ಹತ್ತುವಾಗ ರೇವಮ್ಮ ಪೊರಕೆ ಅಡ್ಡ ಹಿಡಿದಳು.

“ಎಲ್ರುನ್ನೂ ನೋಡ್ದೆ, ನನ್ನೂ ನೋಡಪ್ಪ. ಐತೆ ಅಂದ್ರೆ ಐತೆ ಅನ್ನು, ಇಲ್ಲ ಅಂದ್ರೆ ಬರ್ದ್ ಕೊಡು. ಅನ್ನದ್ ಪ್ರಶ್ನೆ ಇದು.”

ಅಂಜನಮೂರ್ತಿ ಅವಳನ್ನು ಬಾವಿ ಕಟ್ಟೆಯ ಮೇಲೆ ಕೂರಿಸಿದ. ಕಣ್ಣು ಮುಚ್ಚಿಸಿದ. ಪೆನ್ನಿನ ತುದಿಯಿಂದ ಅಲ್ಲಲ್ಲಿ ಹಗುರವಾಗಿ ಮುಟ್ಟಿ, ಮುಟ್ಟಿದ ಜಾಗಕ್ಕೆ ಬೆರಳಿಟ್ಟು ತೋರಿಸು ಎಂದ. ತೋಳು, ಮುಂಗೈ, ಬೆರಳ ಸಂದು, ಕೆನ್ನೆ, ಪಾದ. ಅವಳು ಒಂದೂ ತಪ್ಪಲಿಲ್ಲ. ಅಂಗೈ ಮೇಲೆ ಮುಟ್ಟಿದಾಗ ಮಾತ್ರ ಸುಮ್ಮನಿದ್ದಳು. ಹಿತ್ತಲ ಬಾಗಿಲಲ್ಲಿ ನಿಂತಿದ್ದ ಚಿಕ್ಕಹನುಮಯ್ಯ ಎರಡು ಹೆಜ್ಜೆ ಮುಂದೆ ಬಂದ.

“ಅಂಗೈ ಲೆಕ್ಕಕ್ಕಿಲ್ಲ ಬುಡಿ, ಅದು ಚಪ್ಪಲಿ ಅಟ್ಟೆ ಆಗೋಗಿದೆ,” ಎಂದ ಅಂಜನಮೂರ್ತಿ. “ಕೆಂಡ ಹಿಡಿದಾಗ ಬಿಸಿ ಗೊತ್ತಾಗುತ್ತಾ ಅಮ್ಮ?”

“ಗೊತ್ತಾಗ್ದೇ ಏನು? ಸುಡುತೈತೆ. ತೋರ್ಸ್ಕಳಲ್ಲ ಅಷ್ಟೆ.”

ಅವನು ನಕ್ಕ. ಮೊಣಕೈ ಹಿಂದಿನ ಎಲುಬಿನ ಸಂದಿನಲ್ಲಿ ಬೆರಳಾಡಿಸಿ ನರ ಮುಟ್ಟಿ ನೋಡಿದ. ಈ ರೋಗದಲ್ಲಿ ಅದು ಹಗ್ಗದಂತೆ ದಪ್ಪಗಾಗುತ್ತದೆ, ಅವಳದು ತೆಳ್ಳಗಿತ್ತು. ಕಿವಿಯ ಹಾಲೆ ಹಿಡಿದ, ಹುಬ್ಬು ನೋಡಿದ. ಗಂಟಿನ ಬಗೆಯ ಕುಷ್ಠದಲ್ಲಿ ಹಾಲೆ ದಪ್ಪಗಾಗುತ್ತದೆ, ಹುಬ್ಬು ಉದುರುತ್ತದೆ. ಅವಳಿಗೆ ಎರಡೂ ಆಗಿರಲಿಲ್ಲ. ಕೊನೆಗೆ ತೋಳಿನ ಒಂದು ಗಂಟನ್ನು ಹೆಬ್ಬೆರಳಿನಿಂದ ಒತ್ತಿದ. ಅಂಗಿಯ ಗುಂಡಿ ಕಾಜದೊಳಗೆ ಇಳಿದ ಹಾಗೆ ಅದು ಚರ್ಮದೊಳಕ್ಕೆ ಇಳಿಯಿತು. ಬಿಟ್ಟರೆ ಮತ್ತೆ ಮೇಲೆದ್ದಿತು. ಬೆನ್ನ ಮೇಲೆ ಹಾಲು ಬೆರೆಸಿದ ಕಾಫಿ ಬಣ್ಣದ ಆರೇಳು ಮಚ್ಚೆಗಳಿದ್ದವು.

“ಇದು ಆ ರೋಗ ಅಲ್ಲ ಅನ್ಸುತ್ತೆ ಅಮ್ಮ. ಆದ್ರೆ ಕೆಲವ್ರಿಗೆ ಮೊದ್‌ಮೊದ್ಲು ಸ್ಪರ್ಶ ಹೋಗಿರಲ್ಲ. ಕಿವಿ ರಸ ತೆಗೆದು ಗಾಜಿನ ಮೇಲೆ ನೋಡ್ಬೇಕು, ಒಂದ್ ಗಂಟು ಕೊಯ್ದು ಪರೀಕ್ಷೆ ಮಾಡ್ಬೇಕು. ಚೀಟಿ ಕೊಡ್ತೀನಿ, ತುಮಕೂರಿಗೆ ಹೋಗಿ.”

ತುಮಕೂರಿನ ಆಸ್ಪತ್ರೆಯ ಬೆಂಚಿನ ಮೇಲೆ ರೇವಮ್ಮ ಅರ್ಧ ದಿನ ಕೂತಳು. ಪಕ್ಕದಲ್ಲಿ ಕತ್ತಿನ ಮೇಲೆ ನಿಂಬೆಹಣ್ಣಿನಷ್ಟು ಕೊಬ್ಬಿನ ಗಂಟಿದ್ದ ಗಾಡಿಯವನು. ಅವನಾಚೆ, ಕಿವಿ ಹಿಂದೆ ಗಟ್ಟಿ ಬೆಣ್ಣೆಯಂಥ ಕೀವು ತುಂಬಿದ ಗಂಟಿದ್ದ ಮೇಷ್ಟರು. ಅವರಿಬ್ಬರನ್ನು ಯಾರೂ ಬಾವಿ ಕಟ್ಟೆಯ ಮೇಲೆ ಉಣ್ಣಲು ಕೂರಿಸಿರಲಿಲ್ಲ. ಗಂಡಸರ ಗಂಟಿಗೆ ಅದೊಂದು ಅನುಕೂಲ.

ಚರ್ಮದ ಡಾಕ್ಟರಮ್ಮ ಕಿವಿಯ ಹಾಲೆಯನ್ನು ಸಣ್ಣಗೆ ಗೀರಿ ರಸ ತೆಗೆದರು. ಜಾಗ ಮರಗಟ್ಟಿಸುವ ಸೂಜಿ ಚುಚ್ಚಿ ಒಂದು ಗಂಟು ಬಿಡಿಸಿ, ಸೀಸೆಗೆ ಹಾಕಿ ಬೆಂಗಳೂರಿಗೆ ಕಳಿಸಿದರು. ಇಪ್ಪತ್ತು ದಿನ ಬಿಟ್ಟು ರೇವಮ್ಮ ಮತ್ತೆ ಹೋದಾಗ ಉತ್ತರ ಬಂದಿತ್ತು.

“ಕುಷ್ಠ ಅಲ್ಲ. ನರದ ಹೊದಿಕೆಯಿಂದ ಬೆಳೆಯೋ ಗಂಟು ಇದು, ಯಾರಿಗೂ ಅಂಟಲ್ಲ,” ಎಂದರು ಡಾಕ್ಟರಮ್ಮ. “ನಿಮ್ಮಪ್ಪನಿಂದ ಬಂದಿದ್ದು. ಹುಟ್ಟೋ ಮಕ್ಕಳಲ್ಲಿ ಅರ್ಧ ಜನಕ್ಕೆ ಬರುತ್ತೆ, ಅರ್ಧ ಜನಕ್ಕೆ ಬರಲ್ಲ. ಬಸುರಿಯಾದಾಗ ಜಾಸ್ತಿ ಆಗುತ್ತೆ.”

“ಹಂಗಾರೆ ಕಲ್ಯಾಣಿಗೆ ಬೆಲ್ಲ ಹಾಕಿದ್ದು ದಂಡ ಅನ್ರಿ.”

“ಮೀನಿಗೆ ದಂಡ ಆಗಿಲ್ಲವಲ್ಲ!” ಡಾಕ್ಟರಮ್ಮನೂ ನಕ್ಕರು. “ಇದನ್ನ ಬೇರುಸಹಿತ ಹೋಗಿಸೋ ಔಷಧಿ ಇಲ್ಲ ರೇವಮ್ಮ. ಎಲ್ಲ ಕೊಯ್ದರೆ ಮೈಯೆಲ್ಲ ಹೊಲಿಗೆ ಆಗುತ್ತೆ. ತೊಂದರೆ ಕೊಡೋದನ್ನ ಮಾತ್ರ ತೆಗೆಯೋಣ. ಯಾವುದಾದರೂ ಇದ್ದಕ್ಕಿದ್ದಂಗೆ ದೊಡ್ಡದಾದ್ರೆ, ನೋವು ಶುರುವಾದ್ರೆ, ಅವತ್ತೇ ಬನ್ನಿ. ಮಗಳನ್ನೂ ಒಂದ್ಸಲ ಕರ್ಕೊಂಡು ಬನ್ನಿ.”

ಸೊಂಟದಲ್ಲಿ ಸೀರೆಯ ಗಂಟಿಗೆ ಒತ್ತುತ್ತಿದ್ದ ಒಂದನ್ನು, ಮೊಣಕೈ ಬಳಿ ಪಾತ್ರೆಗೆ ತಾಗುತ್ತಿದ್ದ ಒಂದನ್ನು ಅವತ್ತೇ ತೆಗೆದರು. ಮಡಿಚಿದ ಕಾಗದವನ್ನು ರವಿಕೆಯೊಳಗೆ ಇಟ್ಟುಕೊಂಡು ರೇವಮ್ಮ ಕುಣಿಗಲ್ ಬಸ್ಸು ಹತ್ತಿದಳು. ನಾಳೆ ಬೆಳಗಿನ ಹಿಟ್ಟು ನನ್ನದು ಅಂದುಕೊಂಡೇ ಇಳಿದಳು.

ಸಂಜೆ ಮಹಾಲಕ್ಷ್ಮಮ್ಮ ಅವಳಿಗೆ ಬಾವಿ ಕಟ್ಟೆಗೆ ಊಟ ತಂದಳು. ಎಲೆ ಹಾಸುವಾಗ ಅವಳ ಎಡಗೈಯ ಕಿರುಬೆರಳ ಬುಡದಲ್ಲಿ ರೂಪಾಯಿ ಅಗಲದ ಬೊಬ್ಬೆ ರೇವಮ್ಮನ ಕಣ್ಣಿಗೆ ಬಿತ್ತು. ಒಡೆದು ನೀರು ಸೋರುತ್ತಿತ್ತು.

“ಯಾವಾಗ್ ಸುಟ್ಕಂಡ್ಯೇ?”

ಮಹಾಲಕ್ಷ್ಮಮ್ಮ ಕೈ ತಿರುಗಿಸಿ ನೋಡಿಕೊಂಡಳು. “ಅಯ್ಯೋ, ಇದ್ಯಾವಾಗ ಆಯ್ತೋ! ಗೊತ್ತೇ ಆಗ್ಲಿಲ್ಲ ಕಣಕ್ಕ.”

ರೇವಮ್ಮ ಎಲೆಯನ್ನು ಪಕ್ಕಕ್ಕೆ ಸರಿಸಿದಳು. ಹದಿನಾಲ್ಕು ವರ್ಷ ಬೆಂಕಿಯ ಜೊತೆ ಇದ್ದವಳಿಗೆ ಒಂದು ವಿಚಾರ ಚೆನ್ನಾಗಿ ಗೊತ್ತಿತ್ತು: ಸುಟ್ಟದ್ದನ್ನು ತಡೆದುಕೊಳ್ಳಬಹುದು, ಮರೆಯಲಾಗುವುದಿಲ್ಲ. ಮಹಾಲಕ್ಷ್ಮಮ್ಮನ ಕಣ್ಣು ಮುಚ್ಚಿಸಿದಳು. ಪೊರಕೆಯಿಂದ ಒಂದು ಕಡ್ಡಿ ಹಿರಿದು, ಅಂಜನಮೂರ್ತಿ ಮಾಡಿದ ಹಾಗೇ ಮುಟ್ಟುತ್ತ ಹೋದಳು. ಬಲಗೈ ಸರಿ. ಎಡಗೈಯ ಕಿರುಬೆರಳ ಕಡೆ ಮುಟ್ಟಿದರೆ ಉತ್ತರವಿಲ್ಲ. ರವಿಕೆ ತೋಳು ಮೇಲೆ ಸರಿಸಿದರೆ ಮೊಣಕೈ ಮೇಲೆ, ಅಂಗೈಯಗಲದ ಮಸುಕು ಮಚ್ಚೆ. ತುರಿಕೆಯಿಲ್ಲ, ನೋವಿಲ್ಲ, ಬೆವರೂ ಇಲ್ಲ. ಕನ್ನಡಿಯಂಥ ಮೈಯಲ್ಲಿ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

“ಯಾರ್ಗೂ ಹೇಳ್ಬೇಡ ಕಣಕ್ಕ, ನಿನ್ ಕಾಲ್ ಹಿಡ್ಕಂತೀನಿ. ಈ ಕುಣಿಗಲ್ಲಲ್ಲಿ ತೋರ್ಸಿದ್ರೆ ಕಂಡೋರ್ ಬಾಯಿಗೆ ಬೀಳ್ತೀನಿ.”

“ಕಾಲ್ ಬುಡು. ನನ್ ಕೈ ನೋಡಿದ್ರಲ್ಲ, ಆ ಸೈಕಲ್ ಇನ್‌ಸ್ಪೆಕ್ಟ್ರು ಗುರುವಾರ ಗುಬ್ಬೀಲಿ ಕೂತ್ಕಂತಾರಂತೆ. ನನ್ ತವರು ಕಡೆ ಹೋಗ್‌ಬತ್ತೀವಿ ಅಂತ ಹೇಳಾನ.”

ಗುರುವಾರಕ್ಕೆ ಮೂರು ದಿನವಿತ್ತು. ಮಹಾಲಕ್ಷ್ಮಮ್ಮನ ವಿಚಾರ ತಿಳಿಯುವವರೆಗೆ ತನ್ನ ಕಾಗದ ತೋರಿಸಬಾರದೆಂದು ಆ ಮೂರು ದಿನ ರೇವಮ್ಮ ಹಿತ್ತಲನ್ನೇ ಗುಡಿಸಿದಳು. “ಕಾಗದ ಬಂತೇನಮ್ಮ?” ಎಂದು ಚನ್ನಬಸವಯ್ಯ ಕೇಳಿದರೆ, “ಬಂದೈತೆ ಸಾವ್ಕಾರ್ರೆ, ಇನ್ನೂ ಓದಿಲ್ಲ,” ಅಂದಳು. ಅವಳಿಗೆ ಓದು ಬಾರದೆಂದು ಊರಿಗೆಲ್ಲ ಗೊತ್ತು.

ಗುಬ್ಬಿಯಲ್ಲಿ ಅಂಜನಮೂರ್ತಿ ಮಹಾಲಕ್ಷ್ಮಮ್ಮನ ಮೊಣಕೈ ನರ ಮುಟ್ಟಿದ. ದಪ್ಪಗಾಗಿತ್ತು. ಅಲ್ಲಿಯ ಡಾಕ್ಟರೂ ನೋಡಿದರು, ಕಿವಿ ರಸ ತೆಗೆಸಿದರು. ಅದರಲ್ಲಿ ರೋಗಾಣು ಕಾಣಲಿಲ್ಲ. ಕುಷ್ಠವೇ ಹೌದು, ಆದರೆ ಒಂದೇ ಮಚ್ಚೆ, ಮೊದಲ ಹಂತ, ಇನ್ನೊಬ್ಬರಿಗೆ ದಾಟುವ ಬಗೆಯಲ್ಲ ಎಂದರು. ಡ್ಯಾಪ್ಸೋನ್ ಎಂಬ ಬಿಳಿ ಮಾತ್ರೆಯನ್ನು ದಿನಕ್ಕೊಂದರಂತೆ ವರ್ಷಗಟ್ಟಲೆ ತಪ್ಪದೆ ನುಂಗಬೇಕು. ಹೋದ ಸ್ಪರ್ಶ ಪೂರ್ತಿ ಬರುತ್ತದೆಂದು ಹೇಳಲಾಗದು, ಇರುವುದನ್ನು ಉಳಿಸಿಕೊಳ್ಳಬಹುದು. ಬಿಸಿ ಪಾತ್ರೆಯನ್ನು ಬಟ್ಟೆಯಿಲ್ಲದೆ ಮುಟ್ಟಕೂಡದು, ದಿನಾ ಸಂಜೆ ಎರಡೂ ಕೈ ತಿರುಗಿಸಿ ನೋಡಿಕೊಳ್ಳಬೇಕು.

“ಇವ್ಳು ಅಡುಗೆ ಮಾಡ್ಬೋದಾ?” ಎಂದು ಕೇಳಿದವಳು ರೇವಮ್ಮ.

“ಧಾರಾಳವಾಗಿ. ಅಂಟೋ ಬಗೆ ಬಂದಿದ್ರೂ, ಮಾತ್ರೆ ನುಂಗ್ತಾ ಕೆಲವು ತಿಂಗಳು ಕಳೆದ್ರೆ ಅಂಟಲ್ಲ,” ಎಂದ ಅಂಜನಮೂರ್ತಿ.

“ಈ ಮಾತ್ನ ನಮ್ ಸಾವ್ಕಾರ್ರ ಮುಂದೆ ಹೇಳ್ತೀಯಾ? ಇವ್ಳ ಹೆಸ್ರು ಎತ್ಕೂಡ್ದು.”

“ಹೇಳ್ತೀನಿ.”

ಭಾನುವಾರ ಸಮಿತಿ ಸೇರಿತು. ರೇವಮ್ಮ ಕಾಗದ ಬಿಚ್ಚಿ ಮುಂದಿಟ್ಟಳು. ಚನ್ನಬಸವಯ್ಯ ಗಟ್ಟಿಯಾಗಿ ಓದಿದರು. ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು. ತಿಂಗಳಿಂದ ಹುಡುಗರ ದೂರು ಕೇಳಿ ಕೇಳಿ ಅವರ ಕಿವಿ ತೂತಾಗಿತ್ತು.

“ಒಳ್ಳೇದಾಯ್ತಮ್ಮ. ಇದಕ್ಕೊಂದು ಕಟ್ಟು ಹಾಕಿಸಿ ಅಡುಗೆಮನೆ ಬಾಗಿಲ ಮೇಲೆ ನೇತು ಹಾಕೋಣ. ಬಂದೋರೆಲ್ಲ ನೋಡ್ಲಿ. ಇನ್ಮೇಲೆ ಇಲ್ಲಿ ಕೆಲಸಕ್ಕೆ ಸೇರೋರೆಲ್ಲ ಇಂಥ ಕಾಗದ ತರ್ಲಿ.”

ರೇವಮ್ಮ ಕೈ ಚಾಚಿ ಕಾಗದ ಹಿಂದಕ್ಕೆ ತೆಗೆದುಕೊಂಡಳು.

“ಗೋಡೆಗ್ ಹೊಡೆಯಾಕ್ ಕೊಡಲ್ಲ ಸಾವ್ಕಾರ್ರೆ. ಇದ್ನ ಬಾಗ್ಲ ಮೇಲೆ ನೇತಾಕಿದ್ರೆ, ನಾಳೆ ಈ ಕಾಗ್ದ ಇಲ್ದೋಳು ಬಾವಿ ಕಟ್ಟೆ ಮೇಲೆ ಉಣ್ಬೇಕು. ನಾನ್ ಒಂದ್ ತಿಂಗ್ಳು ಉಂಡಿವ್ನಿ. ಇನ್ನೊಬ್ಳು ಉಣ್ಬಾರ್ದು.”

“ನಿನಗೆ ರೋಗ ಇಲ್ಲವಲ್ಲಮ್ಮ. ನಿನಗ್ಯಾಕೆ ಆ ಉಸಾಬರಿ?”

“ಇದ್ದಿದ್ರೆ?”

ಚನ್ನಬಸವಯ್ಯ ಪಕ್ಕದವರ ಮುಖ ನೋಡಿದರು.

“ಇದ್ದಿದ್ರೆ ಏನ್ ಮಾಡ್ತಿದ್ರಿ, ಅದ್ನ ಹೇಳಿ. ಇಲ್ದೋಳ್ನ ಒಳಿಕ್ ಕರ್ಕಳದು ದೊಡ್ಡಸ್ತಿಕೆನಾ? ಕೇಳಿ ಇವ್ರುನ್ನ,” ಎಂದು ಬಾಗಿಲಲ್ಲಿದ್ದ ಅಂಜನಮೂರ್ತಿಯ ಕಡೆ ತಿರುಗಿದಳು. ಅವನು ಗುಬ್ಬಿಯಲ್ಲಿ ಹೇಳಿದ್ದನ್ನೇ ಹೇಳಿದ: ಮಾತ್ರೆ ಇದೆ, ರೋಗ ಹೋಗುತ್ತದೆ, ಡಾಕ್ಟರು ಸರಿ ಅಂದವರು ಯಾರ ಜೊತೆಯಾದರೂ ದುಡಿಯಬಹುದು, ಉಣ್ಣಬಹುದು. ಜನ ಬಚ್ಚಿಡುವುದು ರೋಗಕ್ಕೆ ಹೆದರಿ ಅಲ್ಲ, ನಿಮಗೆ ಹೆದರಿ ಎಂದೂ ಸೇರಿಸಿದ.

“ಜನ ಒಪ್ಪಲ್ಲ ಕಣಮ್ಮ,” ಎಂದರು ಚನ್ನಬಸವಯ್ಯ.

“ಹಂಗಾರೆ ನಂಗೆ ಪೊರಕೆನೇ ಇರ್ಲಿ. ತೊಂಬತ್ ಮುದ್ದೆ ನೀವೈದ್ ಜನ ತಿರುವ್ಕಳಿ. ಕೋಲು ಬಾಗ್ಲ ಹಿಂದ್ಕೈತೆ.”

ಪೊರಕೆ ಹಿಡಿದು ಅವಳು ಹೊರಟೇಬಿಟ್ಟಳು. ಮಹಾಲಕ್ಷ್ಮಮ್ಮನೂ ಒಲೆ ಬಿಟ್ಟು ಅವಳ ಹಿಂದೆಯೇ ನಡೆದಳು. ಮಧ್ಯಾಹ್ನದ ಊಟದ ಗಂಟೆ ಹೊಡೆಯಲು ಇನ್ನೊಂದು ತಾಸು. ಚಿಕ್ಕಹನುಮಯ್ಯ ಬಾಗಿಲ ಹಿಂದಿನಿಂದ ಹಿಟ್ಟಿನ ಕೋಲು ತಂದು, ಚನ್ನಬಸವಯ್ಯನವರ ಮುಂದೆ ಬಹಳ ಮರ್ಯಾದೆಯಿಂದ ಇಟ್ಟು ಕೈಕಟ್ಟಿ ನಿಂತ. ಅವರು ಕೋಲು ನೋಡಿದರು, ತಮ್ಮ ಬಿಳಿ ಪಂಚೆ ನೋಡಿಕೊಂಡರು. ಎದ್ದು ತಾವೇ ಹಿತ್ತಲ ಬಾಗಿಲಿಗೆ ಹೋದರು.

“ಬಾರಮ್ಮ ರೇವಮ್ಮ. ಕಾಗದ ನಿನ್ನ ಹತ್ರವೇ ಇರ್ಲಿ. ಯಾರನ್ನೂ ಕೇಳಲ್ಲ.”

“ಇನ್ನೊಂದೈತೆ,” ಎಂದಳು ರೇವಮ್ಮ. “ನಾಕ್ ಗಜ ದಪ್ಪ ಬಟ್ಟೆ ತರ್ಸಿ. ಇವತ್ನಿಂದ ಈ ಅಡುಗೆಮನೇಲಿ ಯಾರೂ ಬರಿಗೈಲಿ ಪಾತ್ರೆ ಮುಟ್ಟಂಗಿಲ್ಲ. ನಾನೂ ಮುಟ್ಟಲ್ಲ.”

ಬೆಂಕಿಯೇ ಹೆದರುವ ಕೈ ಅವತ್ತು ಮಸಿಬಟ್ಟೆ ಹಿಡಿಯಿತು. ಮಹಾಲಕ್ಷ್ಮಮ್ಮ ಒಬ್ಬಳೇ ಬಟ್ಟೆ ಹಿಡಿದಿದ್ದರೆ ನಾಲ್ಕು ಜನ ಯಾಕೆ ಎಂದು ಕೇಳುತ್ತಿದ್ದರು. ಇಬ್ಬರೂ ಹಿಡಿದರೆ ಅದು ಅಡುಗೆಮನೆಯ ಪದ್ಧತಿ. ಹುಡುಗರು, “ಏನಮ್ಮ, ಮದ್ವಣಗಿತ್ತಿ ಆಗ್ಬಿಟ್ರಾ?” ಎಂದು ರೇಗಿಸಿದರು. “ಹೂಂ ಕಣ್ಲಾ, ಗಂಡು ಹುಡುಕ್ರೋ,” ಎಂದಳು. ಹಿಟ್ಟನ್ನು ಇಬ್ಬರೂ ಸೇರಿ ತಿರುವಿದರು. ಬಿಸಿ ಮುದ್ದೆ ಕಟ್ಟುವುದು ಮಾತ್ರ ರೇವಮ್ಮನ ಪಾಲು. ಸಂಜೆ ದೀಪ ಹಚ್ಚುವ ಮೊದಲು ಇಬ್ಬರೂ ಬಾವಿ ಕಟ್ಟೆಯ ಮೇಲೆ ಕೂತು ಪರಸ್ಪರರ ಕೈ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಐದು ವರ್ಷ ಒಂದು ಸಂಜೆ ತಪ್ಪಲಿಲ್ಲ, ಒಂದು ಮಾತ್ರೆ ತಪ್ಪಲಿಲ್ಲ.

ಎಂಬತ್ತಾರರಲ್ಲಿ ಮಾತ್ರೆ ಸಾಕು ಎಂದು ಡಾಕ್ಟರು ಹೇಳಿದ ದಿನ, ಮಹಾಲಕ್ಷ್ಮಮ್ಮ ಊಟದ ಮನೆಯಲ್ಲಿ ಸೌಟು ಹಿಡಿದು ನಿಂತು, ತನಗೆ ಕುಷ್ಠ ಬಂದು ವಾಸಿಯಾದದ್ದನ್ನು ತಾನೇ ಎಲ್ಲರಿಗೂ ಹೇಳಿದಳು. ಚನ್ನಬಸವಯ್ಯ ಅವತ್ತು ಪಂಕ್ತಿಯಲ್ಲೇ ಕೂತಿದ್ದರು. ಕಲಸಿದ ತುತ್ತು ಒಂದು ಗಳಿಗೆ ಕೈಯಲ್ಲೇ ನಿಂತಿತು. ಬಾಯಿಗೆ ಹಾಕಿಕೊಂಡರು. ಆಮೇಲೆ ತಟ್ಟೆ ಮುಂದೆ ಮಾಡಿ, “ಇನ್ನೊಂದು ಸೌಟು ಸಾರು ಹಾಕಮ್ಮ,” ಎಂದರು.

ರೇವಮ್ಮನ ಕಾಗದ ಇವತ್ತಿಗೂ ಅವಳ ಟ್ರಂಕಿನ ತಳದಲ್ಲಿದೆ. ಯಾರಿಗೂ ತೋರಿಸಿಲ್ಲ.

ಓದಿ, ಅಯ್ಯೋ ಪಾಪ ಎಂದು ಮಡಿಚಿಟ್ಟು ಏಳಬೇಡಿ. ನಿಮ್ಮ ಮನೆಯಲ್ಲೂ ಬೆನ್ನುಗಳಿವೆ. ಇವತ್ತು ಬೆಳಕಿರುವಾಗಲೇ ಅಂಗಿ ಬಿಚ್ಚಿಸಿ, ಕಣ್ಣು ಮುಚ್ಚಿಸಿ, ಒಂದು ಕಡ್ಡಿಯಿಂದ ಮುಟ್ಟಿ ನೋಡಿ. ಮುಟ್ಟಿದ್ದು ಗೊತ್ತಾಗದ ಮಚ್ಚೆ ಕಂಡರೆ, ಹೊಸ ಗಂಟು ಎದ್ದಿದ್ದರೆ, ನಾಳೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೋಗಿ ಬಂದ ಸಂಜೆ, ಕಾಗದದಲ್ಲಿ ಏನೇ ಬರೆದಿರಲಿ, ಅವರ ಎಲೆಯನ್ನು ನಿಮ್ಮ ಎಲೆಯ ಪಕ್ಕದಲ್ಲೇ ಹಾಕಿ.